ಈರುಳ್ಳಿ ಪೊರೆ ಮತ್ತು ಒಂದು ಅರ್ಧ ಅಂಕ

"ಸಸ್ಯಕೋಶಕ್ಕೂ ಪ್ರಾಣಿಕೋಶಕ್ಕೂ ಇರುವ ನಾಲ್ಕು ವ್ಯತ್ಯಾಸಗಳನ್ನು ಬರೆಯಿರಿ." ನನ್ನ ತರಗತಿಯಲ್ಲಿ ಕುಳಿತವರ ಪೈಕಿ ಈ ಪ್ರಶ್ನೆಗೆ ಉತ್ತರ ಬರೆಯದೆ ಪಾರಾದವರು ಒಬ್ಬರೂ ಇರಲಾರರು. ನಾಲ್ಕು ವ್ಯತ್ಯಾಸ, ತಲಾ ಅರ್ಧ ಅಂಕ, ಒಟ್ಟು ಎರಡು. ಹಾಳೆಯ ನಡುವೆ ಸ್ಕೇಲು ಇಟ್ಟು ಒಂದು ಗೆರೆ, ಎಡಕ್ಕೆ ಸಸ್ಯ, ಬಲಕ್ಕೆ ಪ್ರಾಣಿ. ಕೋಶಭಿತ್ತಿ ಇದೆ, ಇಲ್ಲ. ಕ್ಲೋರೋಪ್ಲಾಸ್ಟ್ ಇದೆ, ಇಲ್ಲ. ದೊಡ್ಡ ರಸದಾನಿ ಇದೆ, ಇಲ್ಲ. ಸೆಂಟ್ರಿಯೋಲ್ ಇಲ್ಲ, ಇದೆ. ಮೂವತ್ತಕ್ಕೂ ಹೆಚ್ಚು ವರ್ಷ ಈ ಪ್ರಶ್ನೆಯನ್ನು ನಾನೇ ಕೇಳಿದ್ದೇನೆ, ನಾನೇ ಉತ್ತರ ಬರೆಸಿದ್ದೇನೆ, ನಾನೇ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿದ್ದೇನೆ. ಈಗ ಈ ಪ್ರಶ್ನೆಯನ್ನು ಈ ರೂಪದಲ್ಲಿ ಕೇಳಲೇಬಾರದು ಎಂದು ಬರೆಯಲು ಹೊರಟಿದ್ದೇನೆ. ನಿವೃತ್ತಿಯ ನಂತರ ಮೇಷ್ಟ್ರಿಗೆ ಜ್ಞಾನೋದಯವಾಯಿತು ಎಂದು ನೀವು ನಕ್ಕರೆ ನನ್ನ ಅಭ್ಯಂತರವಿಲ್ಲ.

ಇದಕ್ಕೆ ನೆಪವಾದದ್ದು ರಜೆಗೆ ಬಂದಿದ್ದ ತಂಗಿಯ ಮೊಮ್ಮಗಳು. ಪಟ್ಟಿಯನ್ನು ಒಂದು ತಪ್ಪೂ ಇಲ್ಲದೆ ಒಪ್ಪಿಸಿದಳು. ಮೆಚ್ಚಿಕೊಂಡು, ಸುಮ್ಮನಿರಲಾರದ ಹಳೆಯ ಚಟದಿಂದ, "ಹಾಗಾದರೆ ಗಿಡಗಳು ಉಸಿರಾಡುತ್ತವೆಯೇನಮ್ಮ?" ಎಂದು ಕೇಳಿದೆ. "ಇಲ್ಲ ಅಜ್ಜ, ಅವು ದ್ಯುತಿಸಂಶ್ಲೇಷಣೆ ಮಾಡ್ತಾವೆ. ಉಸಿರಾಟ ಪ್ರಾಣಿಗಳದ್ದು" ಎಂದಳು. ಅವಳ ಧ್ವನಿಯಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಇದೇ ಉತ್ತರವನ್ನು ನನ್ನ ಎಷ್ಟು ವಿದ್ಯಾರ್ಥಿಗಳು ಮನಸ್ಸಿನಲ್ಲಿಟ್ಟುಕೊಂಡು ಶಾಲೆ ಬಿಟ್ಟು ಹೋಗಿದ್ದಾರೋ ಎಂದು ಆ ಸಂಜೆ ಯೋಚಿಸುತ್ತ ಕುಳಿತೆ.

ಪಟ್ಟಿಯಲ್ಲಿ ಮೈಟೋಕಾಂಡ್ರಿಯ ಇರುವುದಿಲ್ಲ. ಏಕೆಂದರೆ ಅದು ಎರಡೂ ಕಡೆ ಇದೆ, ಹಾಗಾಗಿ ಅದು ವ್ಯತ್ಯಾಸವಲ್ಲ. ಕೋಶಕೇಂದ್ರ ಇರುವುದಿಲ್ಲ, ಕೋಶಪೊರೆ ಇರುವುದಿಲ್ಲ, ರೈಬೋಸೋಮ್ ಇರುವುದಿಲ್ಲ, ಡಿಎನ್‌ಎ ಇರುವುದಿಲ್ಲ, ಕಾರಣ ಅದೇ. ಹೀಗೆ ಎರಡರಲ್ಲಿಯೂ ಸಮಾನವಾದದ್ದೆಲ್ಲವೂ ಪಟ್ಟಿಯಿಂದ ಜಾರಿಹೋಗಿ ಉಳಿದ ನಾಲ್ಕಾರು ಸಾಲುಗಳೇ ಮಗುವಿನ ತಲೆಯಲ್ಲಿ ಕೋಶದ ಸಂಪೂರ್ಣ ಚಿತ್ರವಾಗುತ್ತವೆ. ಕ್ಲೋರೋಪ್ಲಾಸ್ಟ್ ಗಿಡದ್ದು ಎಂದ ಮೇಲೆ ಮೈಟೋಕಾಂಡ್ರಿಯ ಪ್ರಾಣಿಯದ್ದಿರಬೇಕು ಎಂದು ಅದು ಊಹಿಸುವುದು ಸಹಜ. ವಾಸ್ತವದಲ್ಲಿ ಗಿಡದ ಪ್ರತಿಯೊಂದು ಜೀವಂತ ಕೋಶವೂ ಹಗಲೂ ರಾತ್ರಿಯೂ ಉಸಿರಾಡುತ್ತದೆ. ಕ್ಲೋರೋಪ್ಲಾಸ್ಟ್ ಸಕ್ಕರೆ ತಯಾರಿಸುತ್ತದೆ. ಆ ಸಕ್ಕರೆಯಿಂದ ಶಕ್ತಿ ಬಿಡಿಸಿಕೊಳ್ಳಲು ಗಿಡಕ್ಕೂ ನಮ್ಮಂತೆಯೇ ಮೈಟೋಕಾಂಡ್ರಿಯ ಬೇಕು. ಮೊಳಕೆಯೊಡೆಯುತ್ತಿರುವ ಹೆಸರುಕಾಳಿನ ರಾಶಿಯೊಳಗೆ ಕೈ ಹಾಕಿ ನೋಡಿ, ಬೆಚ್ಚಗಿರುತ್ತದೆ. ಅದು ಉಸಿರಾಟದ ಬಿಸಿ.

ಈಗ ನಮ್ಮ ಪ್ರಯೋಗಾಲಯಕ್ಕೆ ಬನ್ನಿ. ಪ್ರಯೋಗಾಲಯವೆಂದರೆ ಒಂದು ಬೀರು, ಒಂದು ಮೇಜು, ಒಂದೇ ಒಂದು ಸೂಕ್ಷ್ಮದರ್ಶಕ. ಐವತ್ತು ಮಕ್ಕಳ ಸಾಲು. ಈರುಳ್ಳಿಯ ಒಳಪದರದ ತೆಳುವಾದ ಪೊರೆಯನ್ನು ಚಿಮುಟದಿಂದ ಎಳೆದು, ಗಾಜಿನ ಸ್ಲೈಡಿನ ಮೇಲೆ ನೀರಿನ ಹನಿಯಲ್ಲಿ ಹಾಸಿ, ಒಂದು ತೊಟ್ಟು ಅಯೋಡಿನ್ ಬಿಟ್ಟು, ಮೇಲೆ ಕವರ್ ಸ್ಲಿಪ್ ಇಡುವುದು. ಇಟ್ಟಿಗೆ ಗೋಡೆಯಂತೆ ಸಾಲಾಗಿ ಜೋಡಿಸಿದ ಉದ್ದನೆಯ ಕೋಶಗಳು, ಪ್ರತಿಯೊಂದರ ಅಂಚಿನಲ್ಲಿ ಒಂದು ಹಳದಿ ಚುಕ್ಕೆಯಂತೆ ಕೋಶಕೇಂದ್ರ. ಆಮೇಲೆ ಬೆಂಕಿಕಡ್ಡಿಯ ಹಿಂತುದಿಯಿಂದ ಕೆನ್ನೆಯ ಒಳಭಾಗವನ್ನು ಮೆಲ್ಲಗೆ ಕೆರೆದು ಮೆಥಿಲೀನ್ ಬ್ಲೂ ಹಾಕಿ ನೋಡುವುದು. ಅಲ್ಲಿ ಗೋಡೆಯಿಲ್ಲ, ಹರಿದ ಹಪ್ಪಳದ ಚೂರುಗಳಂತೆ ಚದುರಿದ ತೆಳು ಕೋಶಗಳು, ನಡುವೆ ನೀಲಿ ಕೋಶಕೇಂದ್ರ. ಈರುಳ್ಳಿಯ ಕೋಶ ಸುಮಾರು ಕಾಲು ಮಿಲಿಮೀಟರ್ ಉದ್ದ. ಕೆನ್ನೆಯದು ಅದರ ಐದನೆಯ ಒಂದು ಭಾಗವಿದ್ದರೆ ಹೆಚ್ಚು. ನಮ್ಮ ಶಾಲೆಯಲ್ಲಿ ಈ ಎರಡು ಕೋಶಗಳಿಗಿಂತ ಹೆಚ್ಚು ಶ್ರದ್ಧೆಯಿಂದ ಮಕ್ಕಳು ಬಿಡಿಸುತ್ತಿದ್ದದ್ದು ಗಾಳಿಯ ಗುಳ್ಳೆಯನ್ನು. ದುಂಡಗೆ, ದಪ್ಪ ಕಪ್ಪು ಅಂಚಿನೊಂದಿಗೆ ಅದು ಎಷ್ಟು ಸ್ಪಷ್ಟವಾಗಿ ಕಾಣುತ್ತದೆಂದರೆ, ಪಾಪ, ಕೋಶವೆಂದರೆ ಅದೇ ಎಂದು ಯಾರಾದರೂ ನಂಬಬೇಕು. "ಸಾರ್, ಸಿಕ್ಕಿತು!" ಎಂದು ಕೂಗಿದವರು ಯಾರ್‍ಯಾರೆಂದು ನಾನು ಇಲ್ಲಿ ಬರೆಯುವುದಿಲ್ಲ. ಕೆಲವರು ಈಗ ಡಾಕ್ಟರಾಗಿದ್ದಾರೆ.

ಅಂಥ ಒಂದು ಪ್ರಯೋಗದ ನಂತರದ ಕಿರುಪರೀಕ್ಷೆಯಲ್ಲಿ, ತೊಂಬತ್ತರ ದಶಕದ ಮಾತು, ಒಬ್ಬ ಹುಡುಗಿ ಪಟ್ಟಿಯ ಎರಡನೆಯ ಸಾಲಿನಲ್ಲಿ ಹೀಗೆ ಬರೆದಿದ್ದಳು: ಸಸ್ಯಕೋಶದಲ್ಲಿ ಕ್ಲೋರೋಪ್ಲಾಸ್ಟ್ ಕೆಲವದರಲ್ಲಿ ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ, ಈರುಳ್ಳಿಯಲ್ಲಿ ನಮಗೆ ಕಾಣಲಿಲ್ಲ. ಉತ್ತರಸೂಚಿಯಲ್ಲಿ "ಇದೆ" ಎಂದಿತ್ತು. ನಾನು ಅಡ್ಡಗೆರೆ ಎಳೆದು ಅರ್ಧ ಅಂಕ ಕಳೆದೆ. ಆಕೆ ಉತ್ತರಪತ್ರಿಕೆ ಹಿಡಿದು ಮೇಜಿನ ಬಳಿ ಬಂದಾಗ, "ಪುಸ್ತಕದಲ್ಲಿ ಇರುವುದನ್ನು ಬರೆಯಬೇಕು, ಕಂಡದ್ದನ್ನೆಲ್ಲ ಅಲ್ಲ" ಎಂದು ಹೇಳಿದೆ. ಆಡಿದ ಮಾತು ಅಕ್ಷರಶಃ ನೆನಪಿರಲು ಕಾರಣ, ಆಡುವಾಗಲೇ ಅದು ಸರಿಯಿಲ್ಲವೆಂದು ಒಳಗೆ ಅನ್ನಿಸಿತ್ತು. ಸಾಲಿನಲ್ಲಿ ಇನ್ನೂ ಹತ್ತು ಜನ ಕಾಯುತ್ತಿದ್ದರು. ಆಕೆ ಮರುಮಾತಾಡದೆ ಹೋಗಿ ಕುಳಿತಳು. ಆ ವರ್ಷ ಉಳಿದ ತಿಂಗಳುಗಳಲ್ಲಿ ಆಕೆ ಏನನ್ನಾದರೂ ಪ್ರಶ್ನಿಸಿದ್ದು ನನಗೆ ನೆನಪಿಲ್ಲ. ಮುಂದಿನ ಪರೀಕ್ಷೆಯಲ್ಲಿ "ಇದೆ" ಎಂದೇ ಬರೆದಳು, ಪೂರ್ಣ ಅಂಕ ಪಡೆದಳು.

ಆಕೆ ಬರೆದದ್ದು ಸರಿಯಾಗಿತ್ತು. ಬೆಳಕು ಕಾಣದ ಬೇರಿನ ಕೋಶಗಳಲ್ಲಿ, ಈರುಳ್ಳಿಯ ಗೆಡ್ಡೆಯ ಪೊರೆಯಲ್ಲಿ ಹಸಿರು ಕ್ಲೋರೋಪ್ಲಾಸ್ಟ್ ಇಲ್ಲ. ಹಸಿರು ಎಲೆಯ ಹೊರಪದರದಲ್ಲಿಯೂ ಬಹುಪಾಲು ಗಿಡಗಳಲ್ಲಿ ಪತ್ರರಂಧ್ರದ ಕಾವಲು ಕೋಶಗಳನ್ನು ಬಿಟ್ಟರೆ ಉಳಿದವು ಹೆಚ್ಚುಕಡಿಮೆ ಬಣ್ಣರಹಿತ. ಸರಿಯಾದ ಸಾಲು ಬರೆಯಬೇಕಾದರೆ ಪ್ಲಾಸ್ಟಿಡ್ ಎನ್ನಬೇಕು. ಕ್ಲೋರೋಪ್ಲಾಸ್ಟ್ ಆ ಕುಟುಂಬದ ಒಬ್ಬ ಸದಸ್ಯ ಮಾತ್ರ. ಆಲೂಗಡ್ಡೆಯಲ್ಲಿ ಪಿಷ್ಟ ತುಂಬಿಕೊಂಡು ಬಿಳಿಯಾಗಿ ಕುಳಿತಿರುವುದು ಅದರ ಸಹೋದರ. ಅದೇ ಆಲೂಗಡ್ಡೆಯನ್ನು ಬುಟ್ಟಿಯಲ್ಲಿ ಬೆಳಕಿಗೆ ಬಿಟ್ಟರೆ ಕೆಲವೇ ದಿನಗಳಲ್ಲಿ ಸಿಪ್ಪೆಯಡಿ ಹಸಿರಾಗುತ್ತದೆ, ಸಹೋದರ ವೇಷ ಬದಲಿಸಿದನೆಂದು ಅರ್ಥ. ಟೊಮೆಟೊ ಹಣ್ಣಾಗುವಾಗ ಹಸಿರಿನದು ಕೆಂಪಿನದಾಗುತ್ತದೆ. ಇದನ್ನೆಲ್ಲ ಅಡುಗೆಮನೆಯಲ್ಲಿ ದಿನವೂ ಕಾಣುವ ಮಗುವಿಗೆ ನಾವು "ಇದೆ" ಎಂಬ ಎರಡಕ್ಷರ ಕೊಟ್ಟು ಕಳಿಸುತ್ತೇವೆ.

ಉಳಿದ ಸಾಲುಗಳ ಸ್ಥಿತಿಯೂ ಇಷ್ಟೇ. ಸೆಂಟ್ರಿಯೋಲ್ ಸಸ್ಯಗಳಲ್ಲಿ ಇಲ್ಲವೆಂದು ಬರೆಸುತ್ತೇವೆ. ಹೂಬಿಡುವ ಸಸ್ಯಗಳ ಮಟ್ಟಿಗೆ ಅದು ನಿಜ. ಬಾವಿಯ ಕಟ್ಟೆಯ ಕಲ್ಲುಸಂದಿಯಲ್ಲಿ ಬೆಳೆಯುವ ಜರೀಗಿಡದ ಗಂಡು ಲಿಂಗಾಣುಗಳು ಬಾಲವಿರುವ, ನೀರಿನಲ್ಲಿ ಈಜುವ ಕೋಶಗಳು, ಅವು ರೂಪುಗೊಳ್ಳುವಾಗ ಸೆಂಟ್ರಿಯೋಲ್ ಹುಟ್ಟಿಕೊಳ್ಳುತ್ತದೆ. ಮಳೆಗಾಲದಲ್ಲಿ ಗೋಡೆಗೆ ಹಬ್ಬುವ ಹಾವಸೆಯದ್ದೂ ಹಾಗೆಯೇ. ಟೋಕಿಯೋದ ಸಸ್ಯೋದ್ಯಾನದ ಗಿಂಕ್ಗೋ ಮರವೊಂದರಲ್ಲಿ ಈಜುವ ಲಿಂಗಾಣುಗಳನ್ನು ಹಿರಾಸೆ ಎಂಬಾತ 1896ರಲ್ಲಿ ಕಂಡು ತೋರಿಸಿದಾಗ, ಬೀಜಬಿಡುವ ಮರದಲ್ಲಿ ಇಂಥದ್ದು ಮೊದಲ ಬಾರಿಗೆ ಕಂಡದ್ದು. ಲೈಸೋಸೋಮ್ ಪ್ರಾಣಿಯದ್ದು ಎಂದು ಕೆಲವು ಕೈಪಿಡಿಗಳಲ್ಲಿದೆ. ಕ್ರಿಸ್ಟಿಯನ್ ಡಿ ಡೂವ್ 1955ರಲ್ಲಿ ಅದನ್ನು ಗುರುತಿಸಿದ್ದು ಇಲಿಯ ಯಕೃತ್ತಿನ ಕೋಶಗಳಲ್ಲಿ. ಗಿಡದಲ್ಲಿ ಆ ಜೀರ್ಣಕಾರ್ಯದ ದೊಡ್ಡ ಪಾಲನ್ನು ರಸದಾನಿಯೇ ವಹಿಸಿಕೊಂಡಿದೆ. ಕೋಶಭಿತ್ತಿ ಇದ್ದರೆ ಸಸ್ಯ ಎಂಬ ಸೂತ್ರ ಹಿಡಿದು ಹೊರಟರೆ ಅಣಬೆ ಸಸ್ಯವಾಗಬೇಕು. ಅಣಬೆಯ ಭಿತ್ತಿ ಕೈಟಿನ್‌ನದ್ದು, ಜೀರುಂಡೆಯ ಹೊರಕವಚದಲ್ಲಿರುವ ವಸ್ತುವೇ ಅದು. ವಂಶಾವಳಿಯಲ್ಲಿ ಅಣಬೆ ಗಿಡಕ್ಕಿಂತ ನಮಗೇ ಹತ್ತಿರದ ನೆಂಟ. ಸೆಲ್ಯುಲೋಸ್ ಇದ್ದರೆ ಸಸ್ಯ ಎಂದರೆ, ಟ್ಯೂನಿಕೇಟ್ ಎಂಬ ಕಡಲಪ್ರಾಣಿಗಳು ಸೆಲ್ಯುಲೋಸಿನ ಅಂಗಿಯನ್ನೇ ತೊಟ್ಟಿವೆ. ಇನ್ನು ಪ್ರಾಣಿಕೋಶದಲ್ಲಿ ಕೋಶಕೇಂದ್ರ ಇದ್ದೇ ಇರಬೇಕೆಂದರೆ ನಮ್ಮ ಕೆಂಪು ರಕ್ತಕಣ ಎಲ್ಲಿಗೆ ಹೋಗಬೇಕು? ಅದರಲ್ಲಿ ಕೋಶಕೇಂದ್ರವೂ ಇಲ್ಲ, ಮೈಟೋಕಾಂಡ್ರಿಯವೂ ಇಲ್ಲ.

ಅಪವಾದಗಳನ್ನು ಹುಡುಕಿ ಹುಡುಕಿ ಪೇರಿಸುವುದು ನನ್ನ ಉದ್ದೇಶವಲ್ಲ, ಹದಿಮೂರು ವರ್ಷದ ಮಗುವಿಗೆ ಗಿಂಕ್ಗೋ ಬೇಕಿಲ್ಲ. ನನ್ನ ದೂರು ಬೇರೆ. ಪಟ್ಟಿಯಲ್ಲಿ "ಏಕೆ" ಎಂಬುದಕ್ಕೆ ಜಾಗವಿಲ್ಲ. ಕೋಶಭಿತ್ತಿ ಇದೆ, ಸರಿ, ಇದ್ದರೆ ಏನಾಯಿತು?

ನಮ್ಮ ಮಲೆನಾಡಿನ ಮನೆಗಳಲ್ಲಿ ಮಿಡಿ ಉಪ್ಪಿನಕಾಯಿ ಹಾಕುವುದನ್ನು ನೋಡದವರಿಲ್ಲ. ಭರಣಿಯಲ್ಲಿ ಮಿಡಿಯನ್ನೂ ಕಲ್ಲುಪ್ಪನ್ನೂ ಪದರ ಪದರವಾಗಿ ಹಾಕಿಟ್ಟರೆ ಕೆಲವು ದಿನಗಳಲ್ಲಿ ನೀರೊಡೆದು ಮಿಡಿ ಚಿರುಟುತ್ತದೆ. ಹನಿ ನೀರು ಸೋಕಬಾರದೆಂದು ಅಮ್ಮ ಕೈಯನ್ನು ಎರಡೆರಡು ಬಾರಿ ಒರೆಸಿಕೊಂಡು ಹಾಕಿದ ಭರಣಿಯಲ್ಲಿ ಅಷ್ಟೊಂದು ನೀರು ಎಲ್ಲಿಂದ ಬಂತು? ಮಿಡಿಯ ಕೋಶಗಳ ರಸದಾನಿಯಿಂದ. ಹೊರಗಿನ ಉಪ್ಪು ಒಳಗಿನ ನೀರನ್ನು ಸೆಳೆಯುತ್ತದೆ, ಪೊರೆ ಭಿತ್ತಿಯಿಂದ ಬಿಡಿಸಿಕೊಂಡು ಒಳಕ್ಕೆ ಮುದುಡುತ್ತದೆ. ಇದನ್ನೇ ನಾವು ಅಭಿಸರಣೆ ಎಂಬ ಪಾಠದಲ್ಲಿ ಬೇರೆ ಅಧ್ಯಾಯವೆಂಬಂತೆ ಕಲಿಸುತ್ತೇವೆ. ವರ್ಷ ಕಳೆದ ಮೇಲೂ ಒಳ್ಳೆಯ ಮಿಡಿ ಹಲ್ಲಿಗೆ ಕಟುಮ್ಮೆನ್ನುತ್ತದೆ. ಕೋಶ ಎಂದೋ ಸತ್ತಿದೆ, ಗೋಡೆ ಮಾತ್ರ ನಿಂತಿದೆ. ಕಟುಮ್ಮೆಂದದ್ದು ಆ ಗೋಡೆ. ಮಾಂಸವನ್ನು ಉಪ್ಪಿನಲ್ಲಿ ಎಷ್ಟು ಕಾಲ ಇಟ್ಟರೂ ಈ ಸದ್ದು ಬರುವುದಿಲ್ಲ.

ಇದನ್ನು ತಿರುಗಿಸಿ ನೋಡಿ. ಬಾಡಿದ ಕೊತ್ತಂಬರಿ ಕಟ್ಟನ್ನು ನೀರಿನಲ್ಲಿಟ್ಟರೆ ಅರ್ಧ ಗಂಟೆಯಲ್ಲಿ ಸೆಟೆದು ನಿಲ್ಲುತ್ತದೆ. ಕೆಂಪು ರಕ್ತಕಣವನ್ನು ಅಪ್ಪಟ ನೀರಿಗೆ ಹಾಕಿದರೆ ಕ್ಷಣಗಳಲ್ಲಿ ಉಬ್ಬಿ ಒಡೆಯುತ್ತದೆ. ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಬರಿಯ ನೀರನ್ನು ಬಿಡದೆ ಶೇಕಡಾ 0.9ರ ಉಪ್ಪುನೀರನ್ನು ಬಿಡುವುದು ಇದೇ ಭಯಕ್ಕೆ. ನೀರು ಒಳನುಗ್ಗುವ ರೀತಿ ಎರಡಕ್ಕೂ ಒಂದೇ. ಒಂದು ಒಡೆಯಿತು, ಇನ್ನೊಂದು ಸೆಟೆಯಿತು. ನಡುವಿನ ವ್ಯತ್ಯಾಸ ಆ ಗೋಡೆ. ಸೆಟೆದ ಸಸ್ಯಕೋಶದ ಒಳಗಿನ ಒತ್ತಡ ಕಾರಿನ ಚಕ್ರದ ಗಾಳಿಯ ಒತ್ತಡದ ಎರಡು ಮೂರು ಪಟ್ಟು ಇರುವುದುಂಟು. ಮೂಳೆಯಿಲ್ಲದ ಬಸಳೆಯ ಚಿಗುರು ನೆಟ್ಟಗೆ ನಿಲ್ಲುವುದು ಆ ಒತ್ತಡದ ಬಲದಿಂದ. ಕಳಲೆ ಮಳೆಗಾಲದಲ್ಲಿ ಕಣ್ಣೆದುರೇ ಎಂಬಂತೆ ಬೆಳೆಯುವುದಕ್ಕೂ ಇದೇ ಲೆಕ್ಕಾಚಾರ: ಪ್ರಾಣಿ ಬೆಳೆಯಬೇಕಾದರೆ ದುಬಾರಿ ಪ್ರೋಟೀನನ್ನು ಕೂಡಿಸುತ್ತ ಹೋಗಬೇಕು, ಗಿಡದ ಕೋಶವಾದರೋ ರಸದಾನಿಗೆ ನೀರು ತುಂಬಿಕೊಂಡು ಉದ್ದವಾಗುತ್ತದೆ. ಬೆಳೆದ ಕೋಶದಲ್ಲಿ ರಸದಾನಿಯೇ ಶೇಕಡಾ 80, 90 ಭಾಗವನ್ನು ಆವರಿಸಿರುವುದು ಸಾಮಾನ್ಯ. ನಿಂಬೆಯ ಹುಳಿ ಇರುವುದು ಅಲ್ಲಿ, ಬೀಟ್‌ರೂಟಿನ ಕೆಂಪು ಇರುವುದು ಅಲ್ಲಿ. ಹಸಿ ಬೀಟ್‌ರೂಟಿನ ಹೋಳನ್ನು ತೊಳೆದು ತಣ್ಣೀರಿಗೆ ಹಾಕಿದರೆ ಬಣ್ಣ ಅಷ್ಟಾಗಿ ಬಿಡದು. ಕುದಿಸಿದರೆ ಪೊರೆಗಳು ಹರಿದು ನೀರೆಲ್ಲ ಕೆಂಪು.

ಗೋಡೆಗೆ ತೆತ್ತ ಬೆಲೆಯೂ ಇದೆ. ಗೋಡೆಯೊಳಗಿನ ಕೋಶ ಎಲ್ಲಿಗೂ ಹೋಗಲಾರದು. ನಮ್ಮ ಬಿಳಿ ರಕ್ತಕಣದಂತೆ ಹರಿದಾಡಿ ರೋಗಾಣುವನ್ನು ನುಂಗಲಾರದು, ಸ್ನಾಯುವಿನಂತೆ ಕುಗ್ಗಿ ಹಿಗ್ಗಲಾರದು. ವಿಭಜನೆಯಾಗುವಾಗ ಪ್ರಾಣಿಕೋಶ ಸೊಂಟ ಕಟ್ಟಿದಂತೆ ನಡುವೆ ಬಿಗಿದುಕೊಂಡು ಎರಡಾಗುತ್ತದೆ. ಗಿಡದ ಕೋಶಕ್ಕೆ ಅದು ಸಾಧ್ಯವಿಲ್ಲದೆ ಒಳಗಿನಿಂದಲೇ ಹೊಸ ಗೋಡೆ ಕಟ್ಟಿಕೊಳ್ಳುತ್ತದೆ. ಆದರೆ ಇದರಲ್ಲೊಂದು ಲಾಭವೂ ಇದೆ. ಗಿಡಕ್ಕೂ ಗಡ್ಡೆಗಳಾಗುತ್ತವೆ, ಆ ಗಡ್ಡೆಯ ಕೋಶಗಳು ಹೊರಟು ಬೇರೆ ಅಂಗಕ್ಕೆ ಹೋಗಿ ನೆಲೆಸಲಾರವು. ನಮ್ಮಲ್ಲಿ ಕ್ಯಾನ್ಸರನ್ನು ಭಯಾನಕವಾಗಿಸುವುದು ಆ ವಲಸೆಯೇ ಅಲ್ಲವೇ? ಗೋಡೆ ಎಂದಾಕ್ಷಣ ಪ್ರತಿ ಕೋಶವೂ ಒಂಟಿ ಎಂದು ಭಾವಿಸಬೇಡಿ. ಗೋಡೆಗಳ ಮೂಲಕ ಹಾದುಹೋಗುವ ಅತಿಸೂಕ್ಷ್ಮ ಎಳೆಗಳನ್ನು ಎಡ್ವರ್ಡ್ ಟಾಂಗ್ಲ್ 1879ರಲ್ಲಿಯೇ ಕಂಡಿದ್ದ. ನೆರೆಮನೆಗಳ ನಡುವೆ ಬೇಲಿಯಲ್ಲಿ ಬಿಟ್ಟ ಕಂಡಿಗಳಂತೆ ಅವುಗಳ ಮೂಲಕ ಕೊಡುಕೊಳ್ಳುವಿಕೆ ನಡೆಯುತ್ತದೆ.

ಇತಿಹಾಸವೂ ನನ್ನ ಪಕ್ಷದಲ್ಲಿದೆ ಎಂದು ತೋರುತ್ತದೆ. ರಾಬರ್ಟ್ ಹುಕ್ 1665ರಲ್ಲಿ ಬೆಂಡಿನ ಚೂರಿನಲ್ಲಿ ಕಂಡದ್ದು ಸತ್ತ ಕೋಶಗಳ ಬರಿಯ ಗೋಡೆಗಳನ್ನು, ಅಂದರೆ ಪ್ರಾಣಿಯಲ್ಲಿ ಇಲ್ಲದ ಭಾಗವನ್ನೇ. ಗೋಡೆಯನ್ನೇ ಕೋಶವೆಂದು ತಿಳಿದಿದ್ದವರೆಗೂ ಪ್ರಾಣಿಗಳಲ್ಲಿ ಅಂಥದ್ದೇ ಕೋಶವಿದೆ ಎಂದು ಸುಲಭವಾಗಿ ಹೊಳೆಯಲಿಲ್ಲ. ರಾಬರ್ಟ್ ಬ್ರೌನ್ 1831ರಲ್ಲಿ ಆರ್ಕಿಡ್ ಗಿಡಗಳ ಕೋಶಗಳಲ್ಲಿ ಕೋಶಕೇಂದ್ರವನ್ನು ಗುರುತಿಸಿ ಹೆಸರಿಟ್ಟ. ಕೆಲವು ವರ್ಷಗಳ ನಂತರ ಸಸ್ಯಶಾಸ್ತ್ರಜ್ಞ ಶ್ಲೈಡನ್ ಊಟದ ಮೇಜಿನಲ್ಲಿ ಗಿಡದ ಕೋಶಕೇಂದ್ರದ ಬಗ್ಗೆ ಹೇಳುತ್ತಿದ್ದಾಗ, ಎದುರಿಗಿದ್ದ ಶ್ವಾನ್‌ಗೆ ತಾನು ಪ್ರಾಣಿಭ್ರೂಣದ ಬೆನ್ನುಹುರಿಯೆಳೆಯಲ್ಲಿ ಇಂಥದ್ದನ್ನೇ ಕಂಡಿದ್ದೆನಲ್ಲ ಎಂದು ನೆನಪಾಯಿತು. 1838ರಲ್ಲಿ ಶ್ಲೈಡನ್, 1839ರಲ್ಲಿ ಶ್ವಾನ್ ತಮ್ಮ ಬರಹಗಳನ್ನು ಪ್ರಕಟಿಸಿದರು. ಕೋಶಸಿದ್ಧಾಂತ ಹುಟ್ಟಿದ್ದು ಹೀಗೆ. ಕೋಶ ಹೇಗೆ ಹುಟ್ಟುತ್ತದೆ ಎಂಬ ವಿಷಯದಲ್ಲಿ ಇಬ್ಬರೂ ತಪ್ಪಿದ್ದರು, ಅದು ಬೇರೆ ಮಾತು. ಇಬ್ಬರೂ ಅಂದು ವ್ಯತ್ಯಾಸಗಳ ಪಟ್ಟಿ ಮಾಡುತ್ತ ಕುಳಿತಿದ್ದರೆ ಆ ಹೊಳಹು ಬರುತ್ತಿತ್ತೇ? ಜೀವಶಾಸ್ತ್ರದ ಅತಿ ದೊಡ್ಡ ಸಾಮ್ಯವನ್ನು ಕಂಡುಹಿಡಿದ ಪಾಠವನ್ನು ನಾವು ವ್ಯತ್ಯಾಸದ ಪ್ರಶ್ನೆಯಿಂದ ಮುಗಿಸುತ್ತೇವೆ.

ಕ್ಲೋರೋಪ್ಲಾಸ್ಟಿನ ಮೂಲವನ್ನು ಕೆದಕಿದರೂ ಸಾಮ್ಯವೇ ಸಿಗುತ್ತದೆ. ಲಿನ್ ಮಾರ್ಗುಲಿಸ್ 1967ರಲ್ಲಿ ಬಲವಾಗಿ ಮಂಡಿಸಿದ, ಇಂದು ಎಲ್ಲರೂ ಒಪ್ಪಿರುವ ವಿವರಣೆಯ ಪ್ರಕಾರ ಮೈಟೋಕಾಂಡ್ರಿಯವೂ ಕ್ಲೋರೋಪ್ಲಾಸ್ಟೂ ಒಂದು ಕಾಲದಲ್ಲಿ ಸ್ವತಂತ್ರ ಬ್ಯಾಕ್ಟೀರಿಯಗಳಾಗಿದ್ದು, ದೊಡ್ಡ ಕೋಶವೊಂದರ ಒಳಸೇರಿ ಅಲ್ಲಿಯೇ ಬೇರೂರಿದವು. ಎರಡಕ್ಕೂ ಇಂದಿಗೂ ತಮ್ಮದೇ ಡಿಎನ್‌ಎ ಇದೆ. ಮೊದಲು ಬಂದ ಅತಿಥಿ ಮೈಟೋಕಾಂಡ್ರಿಯ, ಅದು ನಮ್ಮಿಬ್ಬರಿಗೂ ಸಮಾನ ಪೂರ್ವಜನ ಮನೆಗೆ ಬಂದದ್ದು. ಆಮೇಲೆ ಬಂದ ಕ್ಲೋರೋಪ್ಲಾಸ್ಟ್ ಗಿಡದ ಕವಲಿಗೆ ಮಾತ್ರ ದಕ್ಕಿತು. ಮೊಮ್ಮಗಳಿಗೆ ಇದನ್ನು ಹೀಗೆ ಹೇಳಿದೆ: ಗಿಡದ ಮನೆಯಲ್ಲಿ ಇಬ್ಬರು ಅತಿಥಿಗಳು, ನಮ್ಮ ಮನೆಯಲ್ಲಿ ಒಬ್ಬರೇ. "ಹಾಗಾದ್ರೆ ಗಿಡವೂ ಉಸಿರಾಡುತ್ತೆ" ಎಂದು ತಾನಾಗಿಯೇ ಹೇಳಿದಳು. ಮರುಕ್ಷಣ, "ಪರೀಕ್ಷೆಯಲ್ಲಿ ಹೀಗೆ ಬರೀಬಹುದಾ?" ಎಂದೂ ಕೇಳಿದಳು.

ಆ ಪ್ರಶ್ನೆಗೆ ನನ್ನಲ್ಲಿ ಪ್ರಾಮಾಣಿಕ ಉತ್ತರ ಇರಲಿಲ್ಲ. ಈ ವಿಷಯವನ್ನು ಹಿಂದೊಮ್ಮೆ ಸಹೋದ್ಯೋಗಿ ಮಿತ್ರರ ಮುಂದೆ ಎತ್ತಿದಾಗ ಅವರೊಬ್ಬರು ಹೇಳಿದ್ದು ಇಂದಿಗೂ ನನ್ನನ್ನು ತಡೆದು ನಿಲ್ಲಿಸುತ್ತದೆ: "ನಿಮ್ಮ 'ಏಕೆ' ನಿಮ್ಮ ಮುಂದಿನ ಬೆಂಚಿಗೆ. ನನ್ನ ಹಿಂದಿನ ಬೆಂಚಿನ ಹುಡುಗನಿಗೆ ಆ ಪಟ್ಟಿಯೇ ಗಟ್ಟಿ ಎರಡು ಅಂಕ. ಅವನ ಮನೆಯಲ್ಲಿ ಎಸ್‌ಎಸ್‌ಎಲ್‌ಸಿ ಮುಟ್ಟಿದವನು ಅವನೇ ಮೊದಲು." ಅವರ ಮಾತು ಸುಳ್ಳಲ್ಲ. ಪಟ್ಟಿಯ ಬಲದಿಂದ ದಡ ಸೇರಿದ ಹುಡುಗರು ನನಗೂ ಗೊತ್ತು, ಅವರಲ್ಲಿ ಕೆಲವರು ಈ ಪುಟ ಓದುತ್ತಿದ್ದಾರೆ. ಆದುದರಿಂದ ಪಟ್ಟಿಯನ್ನು ಸುಟ್ಟುಬಿಡಿ ಎಂದು ನಾನು ಹೇಳಲಾರೆ. ಪ್ರಶ್ನೆಯನ್ನಾದರೂ ಬದಲಿಸಿ ಎನ್ನುತ್ತೇನೆ. "ಎರಡು ಸಾಮ್ಯ, ಎರಡು ವ್ಯತ್ಯಾಸ ಬರೆಯಿರಿ" ಎಂದರೂ ಎರಡೇ ಅಂಕ. ಹಿಂದಿನ ಬೆಂಚಿಗೆ ನಷ್ಟವಿಲ್ಲ, ಮೈಟೋಕಾಂಡ್ರಿಯ ಪಟ್ಟಿಯೊಳಗೆ ಬಂತು. "ಈರುಳ್ಳಿಯ ಪೊರೆಯಲ್ಲಿ ಹಸಿರು ಕಾಣುವುದಿಲ್ಲ, ಕಾರಣ ಕೊಡಿ" ಎಂದು ಒಂದು ಅಂಕಕ್ಕೆ ಕೇಳಬಹುದು. ಉತ್ತರಸೂಚಿಯ ಕೊನೆಗೆ "ವಿದ್ಯಾರ್ಥಿ ಪ್ರಯೋಗದಲ್ಲಿ ಕಂಡದ್ದನ್ನು ಕಾರಣಸಹಿತ ಬರೆದಿದ್ದರೆ ಅಂಕ ನೀಡುವುದು" ಎಂಬ ಒಂದು ಸಾಲು ಸೇರಿಸಲು ಹಣ ಖರ್ಚಾಗುವುದಿಲ್ಲ. ನಾನು ನಡೆಸುತ್ತಿದ್ದ ಕಿರುಪರೀಕ್ಷೆಗೆ ಆ ಸಾಲನ್ನು ನಾನೇ ಸೇರಿಸಬಹುದಿತ್ತು. ಯಾರೂ ನನ್ನ ಕೈ ಹಿಡಿದಿರಲಿಲ್ಲ.

ಆ ಹುಡುಗಿ ಮುಂದೆ ಏನು ಓದಿದಳು, ಎಲ್ಲಿದ್ದಾಳೆ, ನನಗೆ ತಿಳಿಯದು. ಈ ಪುಟ ಅವಳ ಕಣ್ಣಿಗೆ ಬಿದ್ದರೆ: ಅಮ್ಮಾ, ನಿನ್ನ ಉತ್ತರ ಸರಿಯಾಗಿತ್ತು. ಆ ಅರ್ಧ ಅಂಕವನ್ನು ಇಲ್ಲಿ ಹಿಂದಿರುಗಿಸುತ್ತಿದ್ದೇನೆ, ಯಾವ ಅಂಕಪಟ್ಟಿಗೂ ಅದು ಸೇರದೆಂದು ಗೊತ್ತಿದ್ದೂ.

ಉಳಿದವರಿಗೆ ಒಂದು ಮಾತು. ನಿಮ್ಮ ಮಕ್ಕಳ ಶಾಲೆಯಲ್ಲಿ ಈ ಪಾಠ ನಡೆಯುವ ವಾರ ಮನೆಯಲ್ಲಿಯೇ ಈರುಳ್ಳಿಯ ಪೊರೆ ತೋರಿಸಿ. ದೊಡ್ಡ ಸೂಕ್ಷ್ಮದರ್ಶಕ ಬೇಕಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಮತ್ತು ಸಂಗಡಿಗರು 2014ರಲ್ಲಿ ಪರಿಚಯಿಸಿದ ಫೋಲ್ಡ್‌ಸ್ಕೋಪ್ ಎಂಬ ಕಾಗದದ ಸೂಕ್ಷ್ಮದರ್ಶಕ ಈ ಕೆಲಸಕ್ಕೆ ಧಾರಾಳ ಸಾಕು. ಈರುಳ್ಳಿಯ ದಪ್ಪ ಹೋಳನ್ನು ಮುರಿದು ಅದರ ಒಳಬಾಗಿನ ಕಡೆಯಿಂದ ಪೊರೆಯನ್ನು ಎಳೆಯಿರಿ, ಹೊರಬಾಗಿನ ಕಡೆಯದು ಅಷ್ಟು ಚೆನ್ನಾಗಿ ಬರುವುದಿಲ್ಲ. ಔಷಧದಂಗಡಿಯ ಅಯೋಡಿನ್ ದ್ರಾವಣಕ್ಕೆ ನೀರು ಬೆರೆಸಿ ಒಂದು ತೊಟ್ಟು ಬಿಡಿ. ಕವರ್ ಸ್ಲಿಪ್ಪನ್ನು ಒಂದು ಅಂಚಿನಿಂದ ನಿಧಾನವಾಗಿ ಇಳಿಸಿ. ಆಮೇಲೆ ದುಂಡಗೆ, ದಪ್ಪ ಕಪ್ಪು ಅಂಚಿನದೇನಾದರೂ ಕಂಡು ಮಗು "ಸಿಕ್ಕಿತು!" ಎಂದು ಕೂಗಿದರೆ, ಅದು ಗಾಳಿಯ ಗುಳ್ಳೆ. ಸ್ಲೈಡನ್ನು ಸ್ವಲ್ಪ ಸರಿಸಿ ನೋಡಲು ಹೇಳಿ.